ಕನ್ನಡಿಯ ಆಚೆ ಕೂತವರಿಗೆ

ಪೊರಿರುವಾ,
ಶುಕ್ರವಾರ

ಬೆವರ್ಲಿ ಅವರಿಗೆ,

ಓದಲು ಒದ್ದಾಡುವ ಮಕ್ಕಳಿಗೆ ಹೇಗೆ ಕಲಿಸಬೇಕೆಂದು ನಮಗೆ ಕಲಿಸುವ ನಿಮ್ಮ ಸ್ನಾತಕೋತ್ತರ ತರಬೇತಿಯಲ್ಲಿ ನಿನ್ನೆಯ ಸರದಿ ನನ್ನದಾಗಿತ್ತು. ಆಚೆಯವರಿಗೆ ಮಾತ್ರ ಪಾರಾಗಿ ಕಾಣುವ ಕನ್ನಡಿ ಗಾಜಿನ ಈಚೆ ನಾನೂ ಆರು ವರ್ಷದ ಲಾಂಗಿಯೂ ಪಾಠಕ್ಕೆ ಕೂತಿದ್ದೆವು. ಆಚೆ ಕತ್ತಲೆಯಲ್ಲಿ ನೀವೂ ಉಳಿದ ಟೀಚರುಗಳೂ ಚಹಾ ಕುಡಿಯುತ್ತಾ ನಮ್ಮನ್ನು ನೋಡುತ್ತಿದ್ದಿರಿ. ಅವಳಿಗೆ ಕಾಣುತ್ತಿದ್ದದ್ದು ಅವಳ ಮುಖ ಮಾತ್ರ.

ಒಂದು ಪದ ಬಂತು, ಮಗು ನಿಂತುಬಿಟ್ಟಿತು. ಹೇಳಿಕೊಡಬೇಡಿ, ಕಾಯಿರಿ ಅಂತ ನೀವು ಕಲಿಸಿದ್ದೀರಲ್ಲ, ಕಾದೆ. ಆಗಲೇ ಗಾಜಿನ ಆಚೆಯಿಂದ ನಗು ಕೇಳಿಸಿತು. ಯಾರೋ ಚಹಾದೊಳಗೆ ಬಿಸ್ಕತ್ತು ಬೀಳಿಸಿಕೊಂಡರಂತೆ. ಇರಬಹುದು. ನಿಮ್ಮ ವರದಿಯಲ್ಲಿ ನನ್ನ ತಾಳ್ಮೆಯ ಹೊಗಳಿಕೆ ಇದೆ, ನಗುವಿನ ಸುದ್ದಿ ಇಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಲಾಂಗಿ ಕೇಳಿದಳು: "ಮಿಸ್, ನಾನು ಓದಿದ್ರೆ ಕನ್ನಡಿ ಯಾಕೆ ನಗುತ್ತೆ?"

ಇವತ್ತು ಅವಳನ್ನು ಶಾಲೆಗೆ ಬಿಡಲು ಬಂದ ಅಜ್ಜಿ ಹೇಳಿದರು: "ನಿನ್ನೆ ಸಂಜೆ ಮನೆ ಕನ್ನಡಿಗೆಲ್ಲ ಟವೆಲ್ ಹೊದಿಸಿಟ್ಟಳು ಕಣಮ್ಮ. ಆಮೇಲೂ ಪುಸ್ತಕ ಮುಟ್ಟಲಿಲ್ಲ."

ಮುಂದಿನ ಗುರುವಾರ ಬೇರೆ ಮಗುವನ್ನು ಕರೆತನ್ನಿ ಅಂದಿದ್ದೀರಿ. ಕರೆತರುವುದಿಲ್ಲ. ಅಜ್ಜಿಯ ಸಮೋವನ್ ಭಾಷೆಯ ಬೈಬಲ್ ಕೇಳಿ ಇಸಕೊಂಡಿದ್ದೇನೆ, ನಿಮಗೆ ಆ ಭಾಷೆ ಬಾರದು, ಅದನ್ನೇ ತರುತ್ತೇನೆ. ಲಾಂಗಿ ಕೂತಿದ್ದ ಆ ಪುಟ್ಟ ಕುರ್ಚಿಯಲ್ಲಿ ನೀವು ಕೂತು, ಕನ್ನಡಿಯ ಮುಂದೆ ಒಂದು ಪುಟ ಗಟ್ಟಿಯಾಗಿ ಓದಿ. ಆಚೆ ನಾವೆಲ್ಲ ಇರುತ್ತೇವೆ, ಅಜ್ಜಿಯೂ ಇರುತ್ತಾರೆ. ಯಾರೂ ಹೇಳಿಕೊಡುವುದಿಲ್ಲ, ಕಾಯುತ್ತೇವೆ.

ಬಿಸ್ಕತ್ತು ನಾನೇ ತರುತ್ತೇನೆ.

ಇತಿ,
ಮೊಯ್ರಾ ಪ್ರಿಂಗಲ್