ಅವಸರವೇನಿಲ್ಲ

ಬೆಮಿಡ್ಜಿ, ಮಿನೆಸೋಟ
ಮಾರ್ಚ್ 3

ಪ್ರೀತಿಯ ತಮ್ಮ ಆರಿನ್,

ಹೇಗಿದ್ದೀಯ? ಕೆಮ್ಮು ಹೋಯಿತೇ? ಫಾರ್ಗೋದಲ್ಲಿ ಬಿಸಿ ಊಟ ಸಿಗುತ್ತಿದೆಯೋ, ಡಬ್ಬಿಯ ಸೂಪಿನಲ್ಲೇ ದಿನ ದೂಡುತ್ತಿದ್ದೀಯೋ? ಇಲ್ಲಿ ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿದೆ. ಅಪ್ಪನೂ ಗಟ್ಟಿಯಾಗಿದ್ದಾನೆ, ಮಂಡಿಯೊಂದನ್ನು ಬಿಟ್ಟು. ನೀನು ಮುನಿಸಿಕೊಂಡು ಹೋದಮೇಲೆ ಬಾಯ್ಲರ್ ರಿಪೇರಿಗೆಲ್ಲ ಅವನೊಬ್ಬನೇ ನೆಲಮಾಳಿಗೆಗಳಿಗೆ ಇಳಿಯುತ್ತಾನೆ. ಬೇಡವೆಂದರೆ ಕೇಳುವ ಪೈಕಿಯವನಲ್ಲ.

ನಿನ್ನೆ ಶಾಲೆಯ ಹೊಸ ಮ್ಯಾನೇಜರ್ ಡೆಲ್ಗಾಡೊ ನಮ್ಮ ರಿಪೇರಿ ಅಂಗಡಿಗೆ ಬಂದಿದ್ದರು. ಟೆಕ್ಸಸ್‌ನ ಹೆಂಗಸು, ಕಡ್ಡಿ ತುಂಡು ಮಾಡಿದಂತೆ ಮಾತು. ಅಕ್ಟೋಬರಿನಲ್ಲಿ ನೀನು ಅವರಿಗೆ ಕಳಿಸಿದ ಇಮೇಲನ್ನು ಮೇಜಿನ ಮೇಲಿಟ್ಟು, "ಬಾಯ್ಲರ್ ಕೈಕೊಡುತ್ತೆ ಅಂತ ಇದ್ರಲ್ಲಿ ಎಲ್ಲಿದೆ? ಬೆರಳಿಟ್ಟು ತೋರ್ಸಮ್ಮ" ಎಂದರು. ಓದಿದೆ. ಮೊದಲು ಶಾಲೆಯ ಕಾಫಿಯ ಗುಣಗಾನ. ಆಮೇಲೆ ಜಿಂಕೆ ಬೇಟೆ. ಅದಾದಮೇಲೆ, "ಬಾಯ್ಲರ್ ಅಷ್ಟೇನೂ ಕೆಟ್ಟಿಲ್ಲ. ಬಿಡುವಾದಾಗ ಒಮ್ಮೆ ನೋಡಿಸಿದರೆ ಒಳ್ಳೆಯದೇನೋ. ಅವಸರವೇನಿಲ್ಲ. ನಿಜಕ್ಕೂ ಅವಸರವೇನಿಲ್ಲ." ಕೊನೆಗೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ! ಪುಣ್ಯಾತ್ಮ, ಜನವರಿಯಲ್ಲಿ ಬಾಯ್ಲರ್ ನಿಂತು, ಶಾಲೆಯಲ್ಲಿ ಬಿಸಿಯಿಲ್ಲದೆ ನೀರು ಹೆಪ್ಪುಗಟ್ಟಿ, ಪೈಪುಗಳು ಒಡೆದು, ಮಕ್ಕಳೆಲ್ಲ ವಾರಗಟ್ಟಲೆ ಮನೆಯಲ್ಲಿ ಕೂತರು. ಆ ಹೆಂಗಸು ಬರೆದದ್ದನ್ನು ಬರೆದಂತೆ ಓದಿದ್ದೇ ತಪ್ಪೇ?

ಅಪ್ಪ ನಿನ್ನ ಪರ ವಹಿಸಿದ, ನಂಬುತ್ತೀಯಾ? ಬಾಯ್ಲರ್ ನಿಂತ ದಿನ ಎಲ್ಲರೆದುರು ನಿನ್ನನ್ನು ಬೈದು ಮನೆ ಬಿಡಿಸಿದ ಅದೇ ಅಪ್ಪ. "ಎರಡು ಸಲ ಅವಸರ ಇಲ್ಲ ಅಂತ ಬರ್ದಿದಾನಲ್ಲ ತಾಯಿ! ಎರಡು ಸಲ ಅಂದ್ರೆ ಬೇಗ ಓಡ್ಬನ್ನಿ ಅಂತ. ಇದು ಯಾರಿಗ್ ಗೊತ್ತಿಲ್ಲ?" ಎಂದ.

"ನಿಮ್ಮೂರಲ್ಲಿ ಮನೆ ಹತ್ಕೊಂಡು ಉರೀತಿದ್ರೆ ಸ್ವಲ್ಪ ಬೆಚ್ಚಗಿದೆ ಅಂತೀರೇನ್ರೀ?" ಎಂದು ಡೆಲ್ಗಾಡೊ ನನ್ನ ಕಡೆ ತಿರುಗಿದರು. ಹೌದೆನ್ನಲು ನಾಚಿಕೆಯಾಯಿತು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕಡೆಗೂ ಡೆಲ್ಗಾಡೊ ಒಪ್ಪಿದ್ದಾರೆ. ಆ ಬಾಯ್ಲರಿನ ಒಳಹೊರಗು ಬಲ್ಲವನು ನೀನೇ, ನೀನು ಬಂದರೆ ಶಾಲೆಯ ಕೆಲಸ ನಮ್ಮಲ್ಲೇ ಉಳಿಯುತ್ತದೆ. ಆದರೆ ಇನ್ನು ಮೇಲೆ ಏನು ಕೆಟ್ಟಿದೆ, ಯಾವತ್ತಿನೊಳಗೆ ಸರಿಯಾಗಬೇಕು ಎಂಬುದು ಮೊದಲ ಸಾಲಿನಲ್ಲೇ ಇರಬೇಕಂತೆ. ಜಿಂಕೆ ಆಮೇಲೆ ಬರಲಿ.

ಕಿವಿ ಮುಚ್ಚುವ ಟೋಪಿ ಹಾಕದೆ ಹೊರಗೆ ತಿರುಗಬೇಡ. ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಪ್ರೀತಿಯಿದೆ.

ನಿನ್ನ ಅಕ್ಕ,
ಮಾರ್ಲಿಸ್

ಮರೆತಿದ್ದೆ: ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು, ಏನು ಮಾಡಲಿ, ನಾನೂ ಇದೇ ಮನೆಯವಳು. ಕಳೆದ ತಿಂಗಳು ಅಪ್ಪ ನಿನಗೆ ಕಳಿಸಿದ ಮೆಸೇಜನ್ನು ಅವನ ಫೋನಿನಲ್ಲಿ ಈಗಷ್ಟೇ ನೋಡಿದೆ. "ಮಂಡಿ ಪರವಾಗಿಲ್ಲ. ಬಿಡುವಾದಾಗ ಬಾ. ಅವಸರವೇನಿಲ್ಲ. ಅವಸರವೇನಿಲ್ಲ. ಅವಸರವೇನಿಲ್ಲ." ಅದಕ್ಕೆ ನೀನು "ಸರಿ" ಎಂದು ಬರೆದು ಸುಮ್ಮನಿದ್ದೀಯ. ಟೆಕ್ಸಸ್‌ನವರಿಗೆ ತಿಳಿಯದಿದ್ದರೆ ಒಪ್ಪಿಕೊಳ್ಳೋಣ. ನೀನೂ ಬರೆದಂತೆಯೇ ಓದಿಬಿಟ್ಟೆಯಾ, ಆರಿನ್?