ನಿಮ್ಮನ್ನು ದಾಟಿಹೋದ ರೊಟ್ಟಿ

ಸುಣ್ಣದಗುಡ್ಡ, ೨೩೧೯ನೆಯ ಇಸವಿ, ಎರಡನೆಯ ಬೇಸಿಗೆಯ ನಾಲ್ಕನೆಯ ಭಾನುವಾರ

ಹನ್ನೊಂದು ತಲೆಮಾರು ಹಿಂದಿನ ದೇವದಾನಪ್ಪಜ್ಜನಿಗೆ, ಇನ್ನೂ ಹುಟ್ಟದ ಮೊಮ್ಮಗಳು, ಸುವಾರ್ತೆ ಎಂಬ ಹೆಸರಿನವಳು, ಮಾಡುವ ವಂದನೆಗಳು. ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಬೇಕು. ಇದು ಹಿಂಚೀಟಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಿಗುತ್ತದೆ. ಎಲ್ಲರೂ ಇದರಲ್ಲಿ ರೋಗದ ಎಚ್ಚರಿಕೆ ಬರೆಯುತ್ತಾರೆ. ನಾನು ಒಂದು ತುಂಡು ರೊಟ್ಟಿಯ ವಿಷಯ ಬರೆಯುತ್ತಿದ್ದೇನೆ.

ಬಿಸಿಲು ತಡೆಯಲು ಈಗ ಊರಿಗೆಲ್ಲ ನೆರಳುಬಲೆ ಕಟ್ಟಿದ್ದಾರೆ. ಅದರ ಬೂದು ಬೆಳಕಿನಲ್ಲಿ ನಾನು ಪ್ರತಿ ಭಾನುವಾರ ಬೆತೆಲ್ ಸಭೆಯ ಪ್ರಾರ್ಥನಾ ಮಂದಿರದ ಬಾಗಿಲು ತೆರೆಯುತ್ತೇನೆ, ಒಬ್ಬಳೇ ಹಾಡುತ್ತೇನೆ, ಬಾಗಿಲು ಹಾಕುತ್ತೇನೆ. ಕರ್ತನ ಭೋಜನದ ರೊಟ್ಟಿಯನ್ನು ಇನ್ನೊಬ್ಬರ ಕೈಯಿಂದಲೇ ತೆಗೆದುಕೊಳ್ಳಬೇಕೆಂಬುದು ನಿಮ್ಮ ಕಾಲದ ಪದ್ಧತಿ. ಅಮ್ಮ ತೀರಿಕೊಂಡಾಗಿನಿಂದ, ಹದಿನಾಲ್ಕು ವರ್ಷ, ನಾನದನ್ನು ಬಾಯಿಗಿಟ್ಟಿಲ್ಲ.

ನಿಮ್ಮ ಪಾಲಿಗೆ ಇದು ಹೋದ ಭಾನುವಾರದ ಮಾತು. ಹಿರಿಯರಾದ ನಥನಿಯೇಲಪ್ಪನವರು ರೊಟ್ಟಿಯ ತಟ್ಟೆ ಹಿಡಿದು ನಿಮ್ಮನ್ನು ದಾಟಿಹೋದರು. ನೀವು ಎದ್ದು ಹೊರಟಿರಿ, ಇಪ್ಪತ್ತೆರಡು ಮನೆಗಳು ನಿಮ್ಮ ಬೆನ್ನಿಗೆ ಬಂದವು. ಅಂದು ಒಡೆದ ಸಭೆ ಮತ್ತೆ ಕೂಡಲೇ ಇಲ್ಲ, ಕರಗುತ್ತ ಕರಗುತ್ತ ನನ್ನೊಬ್ಬಳಿಗೆ ಬಂದು ನಿಂತಿದೆ. ಸಹೋದರನು ತಪ್ಪು ಮಾಡಿದರೆ ಅವನೊಬ್ಬನೇ ಇರುವಾಗ ಹೋಗಿ ಹೇಳು ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ನೀವು ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಹೇಳಿದಿರಿ. ಅಜ್ಜಾ, ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ.

ಆದರೆ ನಾನೇನು ಕಡಿಮೆಯವಳಲ್ಲ. ನಥನಿಯೇಲಪ್ಪನವರ ವಂಶದಲ್ಲಿ ಉಳಿದಿದ್ದ ಆಮೋಸಪ್ಪ ನಮ್ಮ ಎದುರು ಮನೆಯಲ್ಲೇ ಇದ್ದ. ಎರಡೂ ಮನೆಗಳ ನಡುವೆ ಮಾತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ನಾನು ಸಭೆಯ ಹೆಂಚು ಸರಿಮಾಡಲು ಏಣಿ ಹತ್ತಿದಾಗ ಅವನು ತನ್ನ ಬಾಗಿಲಿನಿಂದ ಕೂಗಿದ:

"ಏಣಿ ಅಲಗಾಡಾಕತ್ತೈತಿ ನೋಡವ್ವಾ, ಹಿಡೀಲೇನ?"

ನಾನು ಇಳಿದು ಏಣಿಯನ್ನು ಒಳಗೆ ಎಳೆದುಕೊಂಡೆ. ಗೋಡೆ ಸರಿಮಾಡಿದರೆ ಸಭೆ ತಾನಾಗಿ ಎದ್ದು ನಿಲ್ಲುತ್ತದೆ ಎಂದು ನಂಬಿದ್ದೆ. ನೆಹೆಮೀಯನ ಗ್ರಂಥವನ್ನು ಎಷ್ಟು ಸಲ ಓದಿದ್ದೆನೋ. ಹಾಳುಬಿದ್ದ ಪಟ್ಟಣದ ಗೋಡೆಯನ್ನು ಮತ್ತೆ ಕಟ್ಟಿದವರ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವುದು ಅವನ ಪಕ್ಕದಲ್ಲಿ ಇಂಥವನು, ಅವನ ಪಕ್ಕದಲ್ಲಿ ಇಂಥವನು ಎಂದು. ಆ ಪಕ್ಕದವನು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೋದ ತಿಂಗಳು ಆಮೋಸಪ್ಪ ತೀರಿಕೊಂಡ. ಮನೆ ಖಾಲಿ ಮಾಡಲು ಬಂದವರು ನಥನಿಯೇಲಪ್ಪನವರ ದಿನಚರಿಯನ್ನು ನನ್ನ ಕೈಗಿತ್ತರು. ಅದರಲ್ಲಿ ಇಷ್ಟಿದೆ: ಬಲಗಣ್ಣು ಪೂರ್ತಿ ಹೋಗಿದೆ, ಯಾರಿಗೂ ಹೇಳಿಲ್ಲ. ದೇವದಾನಪ್ಪನನ್ನು ಕಾಣದೆ ದಾಟಿಬಿಟ್ಟೆನಂತೆ. ಅವನು ಬಂದು ಕೇಳಿದರೆ ಹೇಳಿಬಿಡುತ್ತೇನೆ.

ಅವರು ಬದುಕಿರುವವರೆಗೂ ಕಾದರು, ಅಜ್ಜಾ. ನೀವು ಹೋಗಲಿಲ್ಲ.

ಈಗ ಹೋಗಿ. ಊಟದ ಹೊತ್ತಿಗೆ ಹೋದರೂ ಪರವಾಗಿಲ್ಲ. ಅವರ ಎಡಗಡೆ ಕುಳಿತುಕೊಳ್ಳಿ, ಆ ಕಣ್ಣು ಇನ್ನೂ ಕಾಣುತ್ತದೆ. ತಟ್ಟೆ ನನಗೇಕೆ ಬರಲಿಲ್ಲ ಎಂದು ಕೇಳಿ, ಸಾಕು.

ಬರುವ ಭಾನುವಾರ ನಾನು ರೊಟ್ಟಿ ಮುರಿದಿಟ್ಟು ಕಾಯುತ್ತೇನೆ. ಯಾರಾದರೂ ಬಂದು ಅದನ್ನು ನನ್ನ ಕೈಗೆ ಕೊಟ್ಟರೆ, ನೀವು ಹೋಗಿದ್ದಿರಿ ಎಂದು ತಿಳಿಯುತ್ತೇನೆ.