ಸಮುದ್ರದ ಕಡೆಯ ಗೋಡೆ

ಜೂನ್ 4, ಮಂಗಳವಾರ

ಆರು ಕಿಲೋ ಮೀನು ಉಪ್ಪಿಗೆ ಹಾಕಿದೆ. ಬೆರಳುದ್ದದವು. ತಲೆ ಚಿವುಟು, ಒಂದು ಪದರ ಮೀನು, ಒಂದು ಪದರ ಉಪ್ಪು. ಮೂರನೇ ಜಾಡಿ ತುಂಬುವಾಗ ಕೈ ನಿಂತಿತು. ತಿನ್ನುವವನೆಲ್ಲಿ? ನನ್ನ ಗಂಡ ನಾತೋ ತೀರಿಹೋದ ಮಾರ್ಚಿನಿಂದ... ಇರಲಿ. ನಾಲ್ಕನೆಯದನ್ನೂ ತುಂಬಿದೆ.

ಬಾಡಿಗೆ ರೂಮಿಗೆ ಒತ್ತಾವಿಯಾ ಬಂದಳು. ತೊರಿನೊ ನಗರದ ಟೀಚರು, ಇದು ಎಂಟನೇ ಬೇಸಿಗೆ. ಬಂದವಳೇ ಹಳೇ ರಾಗ.

“ಎರ್ಮಿನಿಯಾ ಅಮ್ಮಾ, ಕಡಲಿಗೆ ಅಂಟ್ಕೊಂಡಿರೋ ಮನೆ, ಕಡಲ ಕಡೆ ಒಂದು ಕಿಟಕಿ ಇಲ್ವಲ್ಲ!”

ನಾನೇನು ಮಾಡಲಿ? ಉಪ್ಪುಗಾಳಿಗೆ ಹೆದರಿ ಕಟ್ಟಿದವರೇ ಆ ಗೋಡೆಯನ್ನು ಕುರುಡು ಬಿಟ್ಟರು. ಹೊರಗಡೆ ಬಣ್ಣದಲ್ಲಿ ಸುಳ್ಳು ಕಿಟಕಿಗಳಿವೆಯಂತೆ, ನಮ್ಮೂರು ಕಮೋಲಿಯ ಎಲ್ಲ ಮನೆಗಳ ಹಾಗೆ. ನೋಡಿಲ್ಲ. ಅತ್ತ ಕಾಲುದಾರಿಯಿಲ್ಲ, ನೀರಿನಿಂದಲೇ ನೋಡಬೇಕು. ನಾನು ಗುಡ್ಡದ ಮೇಲಿನ ಊರಿನವಳು, ಬೋಟು ಕಂಡರೇ ಹೊಟ್ಟೆ ಬಾಯಿಗೆ ಬರುತ್ತದೆ. ಮೀನುಗಾರನ ಹೆಂಡತಿಯಾಗಿ ಮೂವತ್ತನಾಲ್ಕು ವರ್ಷ, ಒಮ್ಮೆಯೂ ಹತ್ತಲಿಲ್ಲ.

ಜೂನ್ 6, ಗುರುವಾರ

ನಾತೋನ ಮಳೆಕೋಟು ಯಾರಿಗಾದರೂ ಕೊಡೋಣವೆಂದು ತೆಗೆದೆ. ಒಳಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಅವನ ಕೋಳಿಗಾಲಿನ ಅಕ್ಷರ.

“ಅವಳು ಕಂಡಳು. ಒಳ್ಳೆಯದಾಯಿತು.”

“ಮಂಜು. ಅವಳು ಕಾಣಲಿಲ್ಲ. ಬರಿಗೈ.”

“ಸೆಪ್ಟೆಂಬರ್ 12. ಬೆಳಿಗ್ಗೆಯೆಲ್ಲ ಅವಳೆದುರಿಗೇ. ಮನೆಗೆ ತಡ.”

ಸೆಪ್ಟೆಂಬರ್ 12 ನಮ್ಮ ಮದುವೆಯ ದಿನ. ಬಲೆ ಸಿಕ್ಕಿಕೊಂಡಿತ್ತು ಎಂದಿದ್ದ. ಮೊಲದ ಸಾರು ಎರಡು ಸಲ ಬಿಸಿ ಮಾಡಿದ್ದೆ.

ಯಾರವಳು?

ಜೂನ್ 8, ಶನಿವಾರ

ಏನೂ ಅರ್ಥವಾಗುತ್ತಿಲ್ಲ. ನಾತೋ ನಾಲ್ಕು ಮಾತಿಗೆ ಒಂದು ಮಾತು ಆಡುವವನು. ಅವನಿಗೆ ಹೆಂಗಸರ ಸಹವಾಸ? ಆದರೆ ಬರೆದಿರುವುದು ಅವನೇ.

ಸಂಜೆ ಒತ್ತಾವಿಯಾ ಪ್ರವಾಸಿ ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದಳು. “ಅಲ್ಲಮ್ಮಾ, ನಿಮ್ಮೂರ ಹೆಂಗಸರಿಗೆ ಎಷ್ಟು ಜಂಬ! ನೀಲಿ ಲಂಗದವಳು ಒಬ್ಬಳು ಕಿಟಕೀಲಿ ನಿಂತಿದ್ಲು. ನಾನು ಕೈ ಬೀಸಿದ್ರೆ ಸುಮ್ನೆ ನೋಡ್ತಾಳೆ, ಕಲ್ಲು ನಿಂತ ಹಾಗೆ.”

“ಯಾವ ಮನೆ?”

“ಯಾರಿಗ್ಗೊತ್ತು? ನೀರಿಂದ ಎಲ್ಲಾ ಮನೇನೂ ಒಂದೇ ತರ ಕಾಣ್ಸುತ್ತೆ.”

ಕಡಲಿಗೆ ಮುಖ ಮಾಡಿದ ಕಿಟಕಿ. ಅಲ್ಲಿ ನಿಲ್ಲುವ ಹೆಂಗಸು. ನೋಟ್‌ಬುಕ್ಕಿನವಳು ಇವಳೇ.

ಜೂನ್ 11, ಮಂಗಳವಾರ

ನಾಚಿಕೆ ಬಿಟ್ಟು ಬರೆಯುತ್ತೇನೆ. ಮೂರು ದಿನದಿಂದ ಬ್ರೆಡ್ಡಿನ ನೆಪದಲ್ಲಿ ಓಣಿ ಓಣಿ ತಿರುಗಿ ಒಣಹಾಕಿದ ಬಟ್ಟೆ ನೋಡುತ್ತಿದ್ದೇನೆ. ನೀಲಿ ಲಂಗ ಐದು ಸಿಕ್ಕವು. ಒಂದು ಪಾದ್ರಿಯ ಅಡುಗೆಯವಳದು, ಅವಳಿಗೆ ಎಂಬತ್ತೊಂದು. ಇನ್ನೊಂದು ದಿನಸಿ ಅಂಗಡಿಯವಳದು, ಅವಳು ನಾತೋನನ್ನು ಕಂಡರೆ ಉರಿಯುತ್ತಿದ್ದಳು. ಉಳಿದವರು ನಿನ್ನೆ ಮೊನ್ನೆ ಹುಟ್ಟಿದವರು.

ಸತ್ತವನ ಮೇಲೆ ಸಿಟ್ಟು ಬಂದರೆ ಎಲ್ಲಿ ತೀರಿಸಿಕೊಳ್ಳುವುದು?

ಜೂನ್ 14, ಶುಕ್ರವಾರ

ಮೆಟ್ಟಿಲ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಸೋಮವಾರದಿಂದ ಕಡಲ ಕಡೆಯ ಗೋಡೆಗೆ ಬಣ್ಣ. ಹಳೆಯ ಚಿತ್ತಾರ ಪೂರ್ತಿ ಕೆರೆದು ಒಂದೇ ಗುಲಾಬಿ ಬಣ್ಣ.

ಕಟ್ಟಡದ ಎಲ್ಲ ಮನೆಯವರ ಜನವರಿಯ ಮೀಟಿಂಗು ನೆನಪಾಯಿತು. ಮನೆ ನನ್ನ ಹೆಸರಿನಲ್ಲಿ, ಓಟೂ ನನ್ನದು. ಗೋಡೆಯ ಬಣ್ಣಕ್ಕೆ ಎಲ್ಲರೂ ಆಗಲಿ ಅಂದರು. ನಾತೋ, ಕಾಯಿಲೆಯಿಂದ ಎದ್ದು ನಿಲ್ಲಲು ತ್ರಾಣವಿಲ್ಲದವನು, ಎದ್ದು ನಿಂತ. “ಬೇಡ” ಅಂದ.

ಮೇಲಿನ ಮನೆಯ ಬ್ರಿಜಿದಾ ಕೇಳಿದಳು. “ಯಾಕೆ ಬೇಡ? ಕಾರಣ ಹೇಳಯ್ಯಾ.”

“ಕಾರಣ ಇಲ್ಲ. ಬೇಡ ಅಂದ್ರೆ ಬೇಡ.”

ಎಲ್ಲರೂ ನಕ್ಕರು. ನನಗೆ ಮಾನ ಹೋದಂತಾಯಿತು. ಅವನ ಕಣ್ಣೆದುರಿಗೇ ಕೈ ಎತ್ತಿ ಆಗಲಿ ಎಂದು ಸಹಿ ಹಾಕಿದೆ. ಅವನು ಮೂರು ದಿನ ಮಾತು ಬಿಟ್ಟ.

ಮಧ್ಯಾಹ್ನ ಲಾಜಾರೊನ ಹತ್ತಿರ ಹೋದೆ. ನಾತೋನ ಚಿಕ್ಕಪ್ಪನ ಮಗ, ಒಂದೇ ಬೋಟಿನಲ್ಲಿ ನಲವತ್ತು ವರ್ಷ ದುಡಿದವನು. ಬಲೆ ಹೊಲಿಯುತ್ತಿದ್ದ. ನೋಟ್‌ಬುಕ್ಕನ್ನು ಅವನ ಮಡಿಲಿಗೆ ಎಸೆದೆ.

“ಯಾರೋ ಇವಳು?”

ಓದಿದ. ಮೊದಲು ನಕ್ಕ, ಆಮೇಲೆ ಗಂಭೀರವಾದ. “ಅತ್ತಿಗೆ, ಇದನ್ನ ನೆಲದ ಮೇಲೆ ಹೇಳೋ ಹಾಗಿಲ್ಲ.”

“ಸತ್ತವನ ಮಾನ ಕಾಯ್ತೀಯಾ?”

“ಅವನ ಮಾನ ಅಲ್ಲ. ಇದು ಗುರುತು. ಗುರುತನ್ನ ಹೆಂಡ್ತಿಗೂ ಹೇಳಲ್ಲ, ಪಾದ್ರಿಗೂ ಹೇಳಲ್ಲ. ಭಾನುವಾರ ಬೋಟಿಗೆ ಬಾ, ತೋರಿಸ್ತೀನಿ.”

“ನಾನು? ಬೋಟಿಗೆ?”

“ಹಾಗಾದ್ರೆ ಅನುಮಾನ ಪಡ್ಕೊಂಡೇ ಇರು.”

ಜೂನ್ 16, ಭಾನುವಾರ

ಬೆಳಿಗ್ಗೆ ಆರಕ್ಕೆ ಹೊರಟದ್ದು. ಎರಡು ಸಲ ವಾಂತಿ. ಲಾಜಾರೊ ನಿಂಬೆಹಣ್ಣು ಕೊಟ್ಟ. “ಮೀನಿಗೆ ತಿಂಡಿ ಆಯ್ತು ಬಿಡು ಅತ್ತಿಗೆ.”

ಕಡಲಲ್ಲಿ ಹೀಗಂತೆ. ದಡದ ಮೇಲಿನ ಎರಡು ವಸ್ತು ಒಂದರ ಹಿಂದೊಂದು ಕೂತರೆ ಒಂದು ಗೆರೆ. ಇನ್ನೆರಡು ಕೂತರೆ ಇನ್ನೊಂದು. ಎರಡು ಗೆರೆ ಕೂಡುವಲ್ಲಿ, ನೀರಿನಡಿ, ಮೀನು ಸೇರುವ ಬಂಡೆ. ಪ್ರತಿಯೊಬ್ಬನಿಗೂ ಅವನದೇ ಗುರುತು. ಬಾಯಿಬಿಟ್ಟರೆ ಮರುದಿನ ಹತ್ತು ಬೋಟು ಬಂದು ನಿಲ್ಲುತ್ತವೆ.

ಎಂಜಿನ್ ಆರಿಸಿದ. “ಈಗ ನೋಡು. ಗಂಟೆಗೋಪುರ ಇದೆಯಲ್ಲ, ಅದರ ಕೆಳಗೆ.”

ಹಳದಿ ಗೋಡೆ. ಬಣ್ಣದಲ್ಲಿ ಬರೆದ ಹಸಿರು ಬಾಗಿಲ ಕಿಟಕಿ. ಅದರಲ್ಲಿ ನೀಲಿ ಲಂಗದ ಹೆಂಗಸು, ಹೂಕುಂಡದ ಮೇಲೆ ಕೈ. ಗಾಳಿಗೆ ಮೂಗು ಅಳಿಸಿಹೋಗಿದೆ. ಗೋಪುರ ನೇರವಾಗಿ ಅವಳ ತಲೆಯ ಮೇಲೆ. ಇದೇ ನಾತೋನ ಗೆರೆ.

“ಯಾರ ಮನೆಯೋ ಅದು?” ಅಂದೆ.

ಲಾಜಾರೊ ನನ್ನ ಮುಖ ನೋಡಿದ. “ನಿನ್ನ ಅಡುಗೆಮನೆ ಅತ್ತಿಗೆ.”

ಮೂವತ್ತನಾಲ್ಕು ವರ್ಷ ನಾನು ಇವಳ ಬೆನ್ನ ಹಿಂದೆ ಸಾರು ಕುದಿಸಿದ್ದೇನೆ.

ಅತ್ತೆನೋ ನಕ್ಕೆನೋ ತಿಳಿಯದು. ಲಾಜಾರೊ ಹೇಳುತ್ತಲೇ ಇದ್ದ. ನಾತೋ ಹದಿನಾಲ್ಕರಿಂದ ಇವಳನ್ನು ನೋಡುತ್ತಿದ್ದನಂತೆ. ಅದಕ್ಕೇ ಮದುವೆಯಾದಾಗ ಹಟ ಹಿಡಿದು ಇದೇ ಮನೆ ಕೊಳ್ಳಿಸಿದ್ದು. ನನ್ನಪ್ಪ ದುಡ್ಡು ಕೊಟ್ಟು ಬೈದದ್ದೂ ಇದೇ ಕುರುಡು ಗೋಡೆಗೆ. “ಅವಳು ಕಂಡ್ರೆ ಸಾಕು, ಎರ್ಮಿ ಒಳಗಿದ್ದಾಳೆ ಅಂತ ಗೊತ್ತಾಗುತ್ತೆ, ಅಂತಿದ್ದ.”

ಹಾಗಾದರೆ ಯಾರು ಮೊದಲು? ಗೋಡೆಗಾಗಿ ನಾನೋ, ನನಗಾಗಿ ಗೋಡೆಯೋ? ಸುಣ್ಣದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ.

ವಾಪಸು ಬರುವಾಗ ತಟ್ಟನೆ ಹೊಳೆಯಿತು. ಸೋಮವಾರ. ಅಂದರೆ ನಾಳೆ. ಕೈ ಎತ್ತಿದವಳು ನಾನೇ.

“ಲಾಜಾರೊ, ಜನವರೀಲಿ ನೀನಾದ್ರೂ ಹೇಳಬಾರದಿತ್ತೇ?”

“ಏನಂತ ಹೇಳ್ಲಿ? ನಿಮ್ಮ ಮೀಟಿಂಗಲ್ಲಿ ಬೇರೆ ಇಬ್ಬರು ಮೀನುಗಾರರಿದ್ರು. ಅವರ ಕಿವಿಗೆ ಬಿದ್ರೆ ಗುರುತು ಹೋಗ್ತಿತ್ತು.”

ಜೂನ್ 17, ಸೋಮವಾರ, ಮಧ್ಯಾಹ್ನ 1

ದೋಣಿಯಲ್ಲಿ ತಂದ ಕಂಬ, ಹಲಗೆ ಎಲ್ಲ ಗೋಡೆಯಡಿಯ ಬಂಡೆಯ ಮೇಲೆ ನಿಂತಿದೆ. ಬಣ್ಣದ ಮೇಸ್ತ್ರಿ ಮಿರ್ಕೊ ಎಂಟಕ್ಕೇ ಬಂದ. ಮೆಟ್ಟಿಲ ಬಾಯಲ್ಲಿ ಅಡ್ಡ ನಿಂತೆ. “ಕೆರೆಯೋ ಹಾಗಿಲ್ಲ.”

“ಅಮ್ಮಾ, ನಿಮ್ಮ ಸಹಿ ಇದೆ ಇಲ್ಲಿ.”

ಬ್ರಿಜಿದಾ ಇಳಿದು ಬಂದಳು. ಮೊದಲ ಮಹಡಿಯ ಗಿನೋನೂ ಬಂದ. ಅವನದೂ ಬೋಟಿದೆ.

“ಯಾಕೆ ಎರ್ಮಿನಿಯಾ?” ಬ್ರಿಜಿದಾ ಕೇಳಿದಳು. “ನೀನೇ ಒಪ್ಪಿದ್ದೆ. ಈಗೇನಾಯ್ತು? ಕಾರಣ ಹೇಳು.”

ಬಾಯಿ ತೆರೆದೆ. ಗಿನೋ ಕಿವಿ ನಿಮಿರಿಸಿ ನಿಂತಿದ್ದ. ಹೇಳಿದರೆ ಗೋಡೆ ಉಳಿದೀತು, ಗುರುತು ಹೋಗುತ್ತದೆ. ಹೇಳದಿದ್ದರೆ ಎರಡೂ ಹೋಗುತ್ತವೆ. ಅವತ್ತು ನಾತೋ ಹೀಗೇ ನಿಂತಿದ್ದನೇ? ಹೀಗೇ, ನಾನು ನೋಡುತ್ತಿರುವಾಗ?

“ಕಾರಣ ಇಲ್ಲ,” ಅಂದೆ. “ಬೇಡ ಅಂದ್ರೆ ಬೇಡ.”

ಯಾರೋ ನಕ್ಕರು. ಬ್ರಿಜಿದಾ ಮಾತ್ರ ನಗಲಿಲ್ಲ, ನನ್ನನ್ನೇ ದಿಟ್ಟಿಸಿದಳು. ನಾಲ್ಕು ಗಂಟೆಗೆ ಕಟ್ಟಡದ ಮ್ಯಾನೇಜರು ಬಂದು ತೀರ್ಮಾನ ಮಾಡುತ್ತಾನಂತೆ. ಅಲ್ಲಿಯವರೆಗೆ ಕೈ ಹಚ್ಚುವುದಿಲ್ಲ ಎಂದು ಮಿರ್ಕೊ ಮಾತು ಕೊಟ್ಟು ಊಟಕ್ಕೆ ಹೋದ.

2:20

ಅಡುಗೆಮನೆಯಲ್ಲಿ ಕೂತಿದ್ದೇನೆ. ಅವಳ ಬೆನ್ನಿಗೆ ನನ್ನ ಬೆನ್ನು. ಗೋಡೆ ತಣ್ಣಗಿದೆ. ಕ್ಷಮಿಸು ಎಂದೆ... ಅವನಿಗೋ, ಅವಳಿಗೋ.

ಆಚೆ ಹಲಗೆ ಕಿರ್ರೆಂದಿತು. ಯಾರೋ ಹತ್ತುತ್ತಿದ್ದಾರೆ. ಇನ್ನೂ ನಾಲ್ಕಾಗಿಲ್ಲ. ಕೆರೆಯುವ ಸದ್ದು— ಗಾಳಿಯೋ? ಕಿಟಕಿ ತೆಗೆದು ಕೂಗೋಣ ಅಂದರೆ ಈ ಗೋಡೆಗೆ ಕಿಟಕಿಯೇ ಇಲ್ಲ. ಮೆಟ್ಟಿಲಿಳಿದು ಓಡಬೇಕು—